ಬಿಲ್ಲೆಯಾಕಾರದ ಅಣುವೂ ಇಂಗಾಲದ ವಿದ್ಯುತ್ತೂ

ಪೀಣ್ಯವೆಂದೊಡನೆ ನಮ್ಮ ಕಿವಿಗೆ ಲೇತಿನ ಸದ್ದೂ ಮೂಗಿಗೆ ಯಂತ್ರದೆಣ್ಣೆಯ ವಾಸನೆಯೂ ಬರುವುದು ಸಹಜ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಮಾತು ಬಂದರೆ ಕಣ್ಣ ಮುಂದೆ ನಿಲ್ಲುವುವು ಗಾಜಿನ ಸೌಧಗಳು, ಅವುಗಳೊಳಗೆ ಗಣಕಯಂತ್ರದ ಎದುರು ಕುಳಿತ ತರುಣ ತರುಣಿಯರು. ಒಂದು ಕಡೆ ಕಬ್ಬಿಣವನ್ನು ಕೊರೆಯುವ ಕೆಲಸ, ಇನ್ನೊಂದು ಕಡೆ ಲೆಕ್ಕವನ್ನು ಹೆಣೆಯುವ ಕೆಲಸ. ಬೆಂಗಳೂರಿನ ಹೊರವಲಯದ ಉದ್ಯಮವೆಲ್ಲ ಈ ಎರಡರಲ್ಲೇ ಮುಗಿಯಿತೆಂದು ನಾವು ಭಾವಿಸಿಕೊಂಡಿದ್ದೇವೆ. ಆದರೆ ಮೂರನೆಯ ಕೆಲಸವೊಂದೂ ಅಲ್ಲಿ ಸದ್ದಿಲ್ಲದೆ ನಡೆದುಬಂದಿದೆ. ಪೀಣ್ಯದ ಮಗ್ಗುಲಲ್ಲೇ ಇರುವ ಜಾಲಹಳ್ಳಿಯಲ್ಲಿ ೧೯೯೧ರಲ್ಲಿ ದ್ರವಸ್ಫಟಿಕ ಸಂಶೋಧನ ಕೇಂದ್ರವೆಂಬ ಒಂದು ಸಣ್ಣ ಸಂಸ್ಥೆ ಹುಟ್ಟಿತು. ಅದಕ್ಕೆ ನೆಲೆ ಕೊಟ್ಟದ್ದು ೧೯೫೪ರಲ್ಲಿ ಸ್ಥಾಪಿತವಾದ, ನಮಗೆಲ್ಲ ಬಿ.ಇ.ಎಲ್. ಎಂದು ಪರಿಚಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ. ಆ ಸಂಸ್ಥೆಯನ್ನು ಕಟ್ಟಿದವರು ಅದಕ್ಕೆ ಹದಿನಾಲ್ಕು ವರ್ಷಗಳ ಹಿಂದೆಯೇ ಇದೇ ಬೆಂಗಳೂರಿನಲ್ಲಿ ಒಂದು ಹೊಸ ಬಗೆಯ ಪದಾರ್ಥವನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದರು. ಆ ಪದಾರ್ಥ ಎಂತಹುದು, ಅದರಿಂದ ಆದುದೇನು, ಆಗಬೇಕಾದುದೇನು ಎಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ. ವಿಜ್ಞಾನವನ್ನು ಓದದವರೂ ಇದನ್ನು ತಿಳಿಯಬಹುದು. ಹೆಸರುಗಳು ಹೊಸವಾದರೂ ಒಳಗಿನ ಸಂಗತಿಗಳು ನಮ್ಮ ಅಡಿಗೆಯ ಮನೆಗೂ ಕೆರೆಯ ಅಂಗಳಕ್ಕೂ ದೂರದವಲ್ಲ.

ಮೊದಲು ಎರಡು ಶಬ್ದಗಳ ಅರ್ಥವನ್ನು ಖಚಿತಪಡಿಸಿಕೊಳ್ಳೋಣ. ಒಂದು 'ನ್ಯಾನೋ', ಇನ್ನೊಂದು 'ಸಾವಯವ'.

ನ್ಯಾನೋ ಎಂಬುದು ಗ್ರೀಕ್ ಭಾಷೆಯಿಂದ ಬಂದ ಮಾತು. ಅಲ್ಲಿ ಅದಕ್ಕೆ ಕುಬ್ಜ, ಕುಳ್ಳ ಎಂದು ಅರ್ಥ. ನಮ್ಮಲ್ಲಿ ವಾಮನನೆಂದರೆ ಹೇಗೋ ಹಾಗೆ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ದೊರೆಯುವ ಒಂದು ಪಾಲು ನ್ಯಾನೋಮೀಟರು. ಒಂದು ಅಕ್ಕಿಕಾಳಿನ ಉದ್ದ ಆರು ಮಿಲಿಮೀಟರು ಎಂದಿಟ್ಟುಕೊಂಡರೆ ಅದು ಅರವತ್ತು ಲಕ್ಷ ನ್ಯಾನೋಮೀಟರು ಆಗುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹೆಚ್ಚು ಕಡಿಮೆ ಎಂಬತ್ತು ಸಾವಿರದಿಂದ ಲಕ್ಷ ನ್ಯಾನೋಮೀಟರುಗಳಷ್ಟುಂಟು. ಇಷ್ಟು ಸಣ್ಣದನ್ನು ಕುರಿತು ಇಷ್ಟು ದೊಡ್ಡ ಮಾತೇಕೆ ಎಂದು ನೀವು ಕೇಳಬಹುದು. ವಾಮನನು ಸಣ್ಣವನೆಂದು ಬಲಿಚಕ್ರವರ್ತಿಯೂ ಎಣಿಸಿದ್ದನಷ್ಟೆ! ಪದಾರ್ಥವು ತೀರ ಸಣ್ಣದಾದಾಗ ಅದರ ಗುಣವೇ ಬೇರೆಯಾಗುತ್ತದೆಂಬುದು ಇಲ್ಲಿಯ ಸ್ವಾರಸ್ಯ. ಚಿನ್ನದ ಬಣ್ಣ ಹಳದಿಯೆಂದು ಹಸುಗೂಸೂ ಬಲ್ಲದು. ಆದರೆ ಅದೇ ಚಿನ್ನವನ್ನು ಕೆಲವೇ ನ್ಯಾನೋಮೀಟರುಗಳ ಕಣಗಳನ್ನಾಗಿ ಮಾಡಿ ನೀರಿನಲ್ಲಿ ತೇಲಿಸಿದರೆ ಆ ನೀರು ಮಾಣಿಕ್ಯದಂತೆ ಕೆಂಪಾಗಿ ಕಾಣುತ್ತದೆ. ಇದನ್ನು ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ೧೮೫೭ರಷ್ಟು ಹಿಂದೆಯೇ ಮಾಡಿ ತೋರಿಸಿದ್ದನು.

ಇನ್ನೊಂದು ಲೆಕ್ಕವನ್ನೂ ನೋಡಿ. ಒಂದು ಸೆಂಟಿಮೀಟರು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ಬೆಲ್ಲದ ಅಚ್ಚಿದೆ ಎನ್ನೋಣ. ಅದರ ಆರು ಮುಖಗಳೂ ಸೇರಿ ಆರು ಚದರ ಸೆಂಟಿಮೀಟರು. ಅದನ್ನು ಒಂದೊಂದು ಮಿಲಿಮೀಟರಿನ ಸಾವಿರ ತುಂಡುಗಳನ್ನಾಗಿ ಕತ್ತರಿಸಿದರೆ ಎಲ್ಲ ತುಂಡುಗಳ ಮುಖಗಳೂ ಸೇರಿ ಅರವತ್ತು ಚದರ ಸೆಂಟಿಮೀಟರು ಆಗುತ್ತವೆ. ಹೀಗೆಯೇ ಮುಂದುವರಿದು ಒಂದೊಂದು ನ್ಯಾನೋಮೀಟರಿನ ತುಂಡುಗಳನ್ನಾಗಿ ಮಾಡಲು ಸಾಧ್ಯವಾದರೆ ಆ ಮುಖಗಳ ಒಟ್ಟು ವಿಸ್ತೀರ್ಣ ಆರು ಸಾವಿರ ಚದರ ಮೀಟರು, ಅಂದರೆ ಸುಮಾರು ಒಂದೂವರೆ ಎಕರೆ! ಬೆಲ್ಲ ಅಷ್ಟೇ, ತೂಕವೂ ಅಷ್ಟೇ. ಆದರೆ ಹೊರಜಗತ್ತಿಗೆ ಒಡ್ಡಿಕೊಳ್ಳುವ ಮೈ ಮಾತ್ರ ಅಂಗೈಯಿಂದ ಹೊಲದಷ್ಟಾಯಿತು. ಪದಾರ್ಥದ ನಡತೆ ಬದಲಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಇಂತಹ ಅಳತೆಯಲ್ಲಿ ಪದಾರ್ಥವನ್ನು ರೂಪಿಸಿ ಕೆಲಸಕ್ಕೆ ಹಚ್ಚುವ ವಿದ್ಯೆಗೆ ನ್ಯಾನೋ ತಂತ್ರಜ್ಞಾನವೆಂದು ಹೆಸರು.

ಇನ್ನು 'ಸಾವಯವ' ಎಂಬ ಮಾತು. ಈಗ ಮಾರುಕಟ್ಟೆಯಲ್ಲಿ ಸಾವಯವ ಅಕ್ಕಿ, ಸಾವಯವ ಬೆಲ್ಲ ಎಂದು ಕೇಳುತ್ತೇವೆ. ಅಲ್ಲಿ ಅದಕ್ಕೆ ಕೃತಕ ಗೊಬ್ಬರ ಹಾಕದೆ ಬೆಳೆದದ್ದೆಂಬ ಅರ್ಥ. ರಸಾಯನಶಾಸ್ತ್ರದಲ್ಲಿ ಅದರ ಅರ್ಥವೇ ಬೇರೆ. ಅವಯವಗಳುಳ್ಳದ್ದು ಸಾವಯವ, ಗಿಡ ಮರ ಪ್ರಾಣಿಗಳ ದೇಹಗಳಿಂದ ಬರುವ ಪದಾರ್ಥಗಳಿಗೆ ಹಿಂದೆ ಈ ಹೆಸರಿಟ್ಟರು. ಅವೆಲ್ಲಕ್ಕೂ ಮೂಲ ಇಂಗಾಲವೆಂದು ತಿಳಿದುಬಂದ ಮೇಲೆ ಇಂಗಾಲದ ಸಂಯುಕ್ತಗಳಿಗೆಲ್ಲ, ಅವು ಕಾರ್ಖಾನೆಯಲ್ಲಿ ತಯಾರಾದರೂ, ಅದೇ ಹೆಸರು ನಿಂತಿತು. ಸಕ್ಕರೆ ಸಾವಯವ, ಹರಳೆಣ್ಣೆ ಸಾವಯವ, ಕರ್ಪೂರ ಸಾವಯವ, ಪ್ಲಾಸ್ಟಿಕ್ಕೂ ಸಾವಯವ.

ಪ್ಲಾಸ್ಟಿಕ್ಕಿಗೂ ವಿದ್ಯುತ್ತಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ತಾಮ್ರದ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಅದನ್ನು ಮುಟ್ಟಿದರೆ ಅಪಾಯವೆಂದು ಮೇಲೆ ಪ್ಲಾಸ್ಟಿಕ್ಕಿನ ಕವಚ ಹೊದಿಸುತ್ತೇವೆ. ಇವೆರಡಕ್ಕೂ ನಡುವೆ ಅರೆವಾಹಕಗಳೆಂಬ ಪದಾರ್ಥಗಳುಂಟು. ಅವು ನಮ್ಮ ತೋಟದ ತೂಬಿನಂತೆ. ಬೇಕಾದಾಗ ಹರಿಯಬಿಡುತ್ತವೆ, ಬೇಡವಾದಾಗ ತಡೆಯುತ್ತವೆ. ನಿಮ್ಮ ಮನೆಯ ರೇಡಿಯೋದಲ್ಲಿ ಕವಾಟಗಳು ಹೋಗಿ ಟ್ರಾನ್ಸಿಸ್ಟರು ಬಂದದ್ದು ಇವುಗಳ ಪ್ರಭಾವದಿಂದಲೇ. ಮೊದಲು ಜರ್ಮೇನಿಯಂ, ಅನಂತರ ಸಿಲಿಕಾನ್ ಈ ಕೆಲಸಕ್ಕೆ ನಿಂತವು. ಇವೆರಡೂ ಗಡಸಾದ ಹರಳುಗಳು. ಅವನ್ನು ಅತ್ಯಂತ ಶುದ್ಧವಾಗಿ, ಭಾರಿ ಉಷ್ಣದಲ್ಲಿ ಕರಗಿಸಿ ಬೆಳೆಸಬೇಕು. ಬಾಗಿಸಿದರೆ ಮುರಿಯುತ್ತವೆ. ಇಂಗಾಲದ ಸಂಯುಕ್ತಗಳೇ ಅರೆವಾಹಕಗಳಾಗುವುದಾದರೆ ಅವನ್ನು ಶಾಯಿಯಂತೆ ಕರಗಿಸಿ ಹಾಳೆಯ ಮೇಲೆ ಮುದ್ರಿಸಬಹುದಲ್ಲವೆ? ಚಾಪೆಯಂತೆ ಸುತ್ತಿಡಬಹುದಲ್ಲವೆ? ಈ ಆಸೆಯಿಂದ ಹುಟ್ಟಿದ ಶಾಸ್ತ್ರವೇ ಸಾವಯವ ಎಲೆಕ್ಟ್ರಾನಿಕ್ಸ್.

ಪ್ಲಾಸ್ಟಿಕ್ಕು ವಿದ್ಯುತ್ತನ್ನು ಒಯ್ಯಬಲ್ಲದೆಂದು ಸಿದ್ಧವಾದುದು ೧೯೭೭ರಲ್ಲಿ. ಅಮೆರಿಕದ ಆಲನ್ ಹೀಗರ್, ಅಲ್ಲಿ ನೆಲಸಿದ್ದ ಆಲನ್ ಮೆಕ್‌ಡಯರ್ಮಿಡ್, ಜಪಾನಿನ ಹಿದೆಕಿ ಶಿರಕಾವಾ ಈ ಮೂವರು ಪಾಲಿಅಸಿಟಲೀನ್ ಎಂಬ ಇಂಗಾಲದ ಸರಪಳಿಗೆ ಅಯೋಡೀನ್ ಹಬೆಯನ್ನು ತಗುಲಿಸಿದರು. ಅದು ವಿದ್ಯುತ್ತನ್ನು ಒಯ್ಯುವ ಶಕ್ತಿ ಒಂದು ಕೋಟಿ ಪಟ್ಟು ಹೆಚ್ಚಿತು! ಕಾರಣವನ್ನು ಹೀಗೆ ತಿಳಿಯಬಹುದು. ಈ ಸರಪಳಿಯಲ್ಲಿ ಇಂಗಾಲದ ಪರಮಾಣುಗಳು ಒಮ್ಮೆ ಒಂಟಿ ಕೈಯಿಂದಲೂ ಮತ್ತೊಮ್ಮೆ ಎರಡೂ ಕೈಗಳಿಂದಲೂ ಒಂದನ್ನೊಂದು ಹಿಡಿದು ಸಾಲಾಗಿ ನಿಂತಿರುತ್ತವೆ. ಎರಡನೆಯ ಹಿಡಿತದ ಎಲೆಕ್ಟ್ರಾನುಗಳು ಅಷ್ಟು ಬಿಗಿಯಾಗಿರುವುದಿಲ್ಲ, ಸಾಲಿನುದ್ದಕ್ಕೂ ಜಾರಬಲ್ಲವು. ಆದರೆ ಕಿಕ್ಕಿರಿದ ಬಸ್ಸಿನಲ್ಲಿ ಯಾರೂ ಅಲುಗಾಡಲಾರರಷ್ಟೆ. ಅಯೋಡೀನು ಅಲ್ಲಲ್ಲಿ ಒಂದೊಂದು ಎಲೆಕ್ಟ್ರಾನನ್ನು ಕಿತ್ತುಕೊಂಡು ಜಾಗ ಮಾಡಿಕೊಟ್ಟಿತು. ಒಬ್ಬರು ಇಳಿದರೆ ಉಳಿದವರು ಒಬ್ಬರ ಹಿಂದೊಬ್ಬರು ಸರಿಯುವಂತೆ ಅಲ್ಲಿ ಸಂಚಾರ ಮೊದಲಾಯಿತು. ಈ ಮೂವರಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಅದೇ ೧೯೭೭ರಲ್ಲಿ ಬೆಂಗಳೂರಿನಲ್ಲಿ ನಡೆದ ಸಂಗತಿಯನ್ನು ಹೇಳುವ ಮೊದಲು 'ದ್ರವಸ್ಫಟಿಕ' ಎಂಬ ವಿಚಿತ್ರ ಶಬ್ದವನ್ನು ಬಿಡಿಸಬೇಕು. ದ್ರವವೆಂದರೆ ಹರಿಯುವುದು, ಸ್ಫಟಿಕವೆಂದರೆ ಅಣುಗಳು ಕ್ರಮವಾಗಿ ಜೋಡಿಸಿಕೊಂಡು ನಿಂತ ಘನ ಪದಾರ್ಥ. ಎರಡನ್ನೂ ಸೇರಿಸಿ ಹೇಳುವುದು ಬೆಂಕಿಯೂ ತಂಪೂ ಒಂದೇ ಎಂದಂತಾಗುವುದಿಲ್ಲವೆ? ೧೮೮೮ರಲ್ಲಿ ಪ್ರಾಗ್ ನಗರದಲ್ಲಿದ್ದ ಫ್ರೀಡ್ರಿಶ್ ರೈನಿಟ್ಸರ್ ಎಂಬ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞನಿಗೂ ಇದೇ ಆಶ್ಚರ್ಯವಾಯಿತು. ಅವನು ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಕಾಯಿಸುತ್ತಿದ್ದನು. ಸುಮಾರು ೧೪೫ ಡಿಗ್ರಿಯಲ್ಲಿ ಅದು ಕರಗಿ ಮಜ್ಜಿಗೆಯಂತೆ ಮಬ್ಬಾದ ದ್ರವವಾಯಿತು. ಇನ್ನೂ ಕಾಯಿಸಲು ಸುಮಾರು ೧೭೮ ಡಿಗ್ರಿಯಲ್ಲಿ ಇದ್ದಕ್ಕಿದ್ದಂತೆ ತಿಳಿನೀರಿನಂತಾಯಿತು. ಒಂದೇ ಪದಾರ್ಥಕ್ಕೆ ಎರಡು ಸಲ ಕರಗುವ ಯೋಗ! ನಡುವಣ ಆ ಮಬ್ಬು ಅವಸ್ಥೆಯಲ್ಲಿ ಅಣುಗಳು ಹರಿಯುತ್ತವೆ, ಆದರೆ ಒಂದೇ ದಿಕ್ಕಿಗೆ ಮುಖಮಾಡಿಕೊಂಡು ಹರಿಯುತ್ತವೆ. ಹೊಳೆಯಲ್ಲಿ ತೇಲಿಬಿಟ್ಟ ಬಿದಿರುಬೊಂಬುಗಳು ಒಂದರ ಪಕ್ಕದಲ್ಲೊಂದು ಸಾಗುವುದನ್ನು ಮಲೆನಾಡಿನವರು ನೋಡಿರಬಹುದು. ಬೊಂಬುಗಳ ಸ್ಥಾನ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಅದೇ ದ್ರವಸ್ಫಟಿಕ.

ಈ ಬೊಂಬಿನಂತಹ ಅಣುಗಳೇ ಮುಂದೆ ಕೈಗಡಿಯಾರ, ಲೆಕ್ಕಯಂತ್ರ, ಗಣಕಯಂತ್ರಗಳ ಚಪ್ಪಟೆ ತೆರೆಗಳಾದವು. ಅದರ ಕೀಲು ಸರಳವಾದುದು. ಬೆಳಕು ಅಲೆಯಾಗಿ ಚಲಿಸುತ್ತದೆ. ಒಂದು ಹಗ್ಗವನ್ನು ಕಿಟಕಿಯ ನೆಟ್ಟನೆಯ ಸರಳುಗಳ ನಡುವೆ ಹಾಯಿಸಿ ಅಲ್ಲಾಡಿಸಿ ನೋಡಿ. ಮೇಲೆ ಕೆಳಗೆ ಆಡುವ ಅಲೆ ಸರಳುಗಳನ್ನು ದಾಟುತ್ತದೆ. ಅಡ್ಡಡ್ಡಲಾಗಿ ಆಡುವ ಅಲೆ ಅಲ್ಲೇ ನಿಲ್ಲುತ್ತದೆ. ಬೆಳಕಿಗೂ ಇಂತಹ ಕಿಟಕಿಗಳುಂಟು. ಒಂದು ಕಿಟಕಿಯ ಸರಳುಗಳು ನೆಟ್ಟಗೆ, ಅದರ ಮುಂದಿನದರವು ಅಡ್ಡಕ್ಕೆ ಇದ್ದರೆ ಬೆಳಕು ದಾಟಲಾರದು. ಆದರೆ ನಡುವೆ ದ್ರವಸ್ಫಟಿಕದ ಅಣುಗಳನ್ನು ಸುರುಳಿ ಮೆಟ್ಟಿಲಿನಂತೆ ಕಾಲು ಸುತ್ತು ತಿರುಗಿಸಿ ನಿಲ್ಲಿಸಿದರೆ ಅವು ಬೆಳಕನ್ನೂ ಕೈಹಿಡಿದು ತಿರುಗಿಸಿ ದಾಟಿಸುತ್ತವೆ. ವಿದ್ಯುತ್ತನ್ನು ಕೊಟ್ಟೊಡನೆ ಅಣುಗಳು ಎದ್ದು ನಿಲ್ಲುತ್ತವೆ, ಮೆಟ್ಟಿಲು ಮುರಿಯುತ್ತದೆ, ಆ ಚುಕ್ಕೆ ಕಪ್ಪಾಗುತ್ತದೆ. ಇಂತಹ ಲಕ್ಷಾಂತರ ಚುಕ್ಕೆಗಳ ಆಟವೇ ತೆರೆಯ ಮೇಲಿನ ಚಿತ್ರ.

ಹೀಗೆ ೧೮೮೮ರಿಂದ ತೊಂಬತ್ತು ವರ್ಷಗಳ ಹತ್ತಿರ ಹತ್ತಿರ, ದ್ರವಸ್ಫಟಿಕವಾಗಬೇಕಾದರೆ ಅಣು ಕಡ್ಡಿಯಂತೆ ಉದ್ದವಾಗಿರಬೇಕೆಂಬುದೇ ರೂಢಿಯ ತಿಳಿವಳಿಕೆಯಾಗಿತ್ತು. ಅದನ್ನು ಬದಲಿಸಿದವರು ಪ್ರೊಫೆಸರ್ ಎಸ್. ಚಂದ್ರಶೇಖರ್. ಸರ್ ಸಿ.ವಿ. ರಾಮನ್ನರ ಸೋದರಳಿಯರಾದ ಇವರು ೧೯೩೦ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದರು; ಕೇಂಬ್ರಿಜ್ಜಿನಲ್ಲಿ ಓದಿದರು; ೧೯೬೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ನಮ್ಮ ನಾಡಿನಲ್ಲಿ ದ್ರವಸ್ಫಟಿಕಗಳ ಅಭ್ಯಾಸ ಬೇರೂರಿದ್ದು ಮಾನಸಗಂಗೋತ್ರಿಯ ಆ ದಿನಗಳಲ್ಲಿ. ೧೯೭೧ರಲ್ಲಿ ಅವರು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಗೆ ಬಂದು ಅಲ್ಲಿ ದ್ರವಸ್ಫಟಿಕ ಪ್ರಯೋಗಶಾಲೆಯನ್ನು ಕಟ್ಟಿದರು. ಅಲ್ಲಿಯೇ ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಇವರೊಡನೆ ಸೇರಿ, ಕಡ್ಡಿಯಂತಲ್ಲದೆ ಬಿಲ್ಲೆಯಂತಿರುವ ಅಣುಗಳ ಶುದ್ಧ ಸಂಯುಕ್ತವೂ ದ್ರವಸ್ಫಟಿಕವಾಗಬಲ್ಲದೆಂದು ೧೯೭೭ರಲ್ಲಿ ತೋರಿಸಿದರು. ಆ ಲೇಖನ ಅಚ್ಚಾದುದು ವಿದೇಶದ ಪತ್ರಿಕೆಯಲ್ಲಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯವರ 'ಪ್ರಮಾಣ'ದಲ್ಲಿ. ಪ್ರಪಂಚದ ವಿಜ್ಞಾನಿಗಳು ಬೆಂಗಳೂರಿನ ಪತ್ರಿಕೆಯನ್ನು ತರಿಸಿ ಓದುವಂತಾಯಿತು.

ಆ ಅಣುವಿನ ರೂಪವನ್ನು ಕಲ್ಪಿಸಿಕೊಳ್ಳಿ. ನಡುವೆ ಆರು ಇಂಗಾಲದ ಪರಮಾಣುಗಳ ಬೆಂಜೀನ್ ಉಂಗುರ. ಅದರ ಸುತ್ತಲೂ ಆರು ಮೂಲೆಗಳಿಂದ ಹೊರಟ ಆರು ಮೆದುವಾದ ಬಾಲಗಳು. ತಟ್ಟೆಯ ಸುತ್ತ ಕುಚ್ಚು ಕಟ್ಟಿದಂತೆ. ಕಾಯಿಸಿದಾಗ ಬಾಲಗಳು ಕರಗಿ ಸಡಿಲವಾಗುತ್ತವೆ. ನಡುವಣ ಬಿಲ್ಲೆಗಳು ಮಾತ್ರ ಒಂದರ ಮೇಲೊಂದು, ನಿಪ್ಪಟ್ಟುಗಳನ್ನು ಪೇರಿಸಿಟ್ಟಂತೆ, ಸಾಲುಗೂಡಿ ಕಂಬಗಳಾಗುತ್ತವೆ. ಕಂಬಗಳು ಜೇನುಗೂಡಿನ ಕ್ರಮದಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಕ್ಷಕಿರಣಗಳನ್ನು ಹಾಯಿಸಿ ಈ ರಚನೆಯನ್ನು ಅವರು ಕಂಡುಕೊಂಡರು. ಒಂದು ಬಿಲ್ಲೆಗೂ ಅದರ ಮೇಲಿನದಕ್ಕೂ ನಡುವಣ ದೂರ ಅರ್ಧ ನ್ಯಾನೋಮೀಟರಿಗಿಂತಲೂ ಕಡಿಮೆ. ಒಂದು ಕಂಬಕ್ಕೂ ನೆರೆಯ ಕಂಬಕ್ಕೂ ನಡುವೆ ಸುಮಾರು ಎರಡು ನ್ಯಾನೋಮೀಟರು. ನಾವು ಮೊದಲು ಹೇಳಿದ ವಾಮನಲೋಕ ಇದೇ.

ಇದರಿಂದ ಏನು ಪ್ರಯೋಜನವೆಂದು ಆಗ ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ. ಪ್ರಯೋಜನ ಎರಡು ದಾರಿಗಳಲ್ಲಿ ಬಂದಿತು. ಮೊದಲನೆಯದು, ನೀವು ಕಣ್ಣಾರೆ ಕಂಡಿರಬಹುದಾದುದು. ಹಿಂದಿನ ಗಣಕಯಂತ್ರಗಳ ಚಪ್ಪಟೆ ತೆರೆಯನ್ನು ನೇರವಾಗಿ ಕುಳಿತು ನೋಡಿದರೆ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಪಕ್ಕದಿಂದ ಇಣಿಕಿದರೆ ಬಣ್ಣಗೆಟ್ಟು, ಕಪ್ಪು ಬಿಳುಪಾಗಿ ಬಿಳುಪು ಕಪ್ಪಾಗಿ ಕಾಣುತ್ತಿತ್ತು. ಕಡ್ಡಿಯಂತಹ ಅಣುವನ್ನು ತುದಿಯಿಂದ ನೋಡುವುದಕ್ಕೂ ಪಕ್ಕದಿಂದ ನೋಡುವುದಕ್ಕೂ ಬೆಳಕಿನ ಮಟ್ಟಿಗೆ ಅಷ್ಟು ಅಂತರ. ಬಿಲ್ಲೆಯ ಅಣು ಈ ವಿಷಯದಲ್ಲಿ ಕಡ್ಡಿಗೆ ತದ್ವಿರುದ್ಧ. ಆದುದರಿಂದ ಕಡ್ಡಿಗಳ ಪದರದ ಹೊರಗೆ ಬಿಲ್ಲೆಗಳ ತೆಳುವಾದ ಪದರವನ್ನು ಹೊಂದಿಸಿದರೆ ಒಂದು ಕೆಡಿಸಿದುದನ್ನು ಇನ್ನೊಂದು ಸರಿಪಡಿಸುತ್ತದೆ. ೧೯೯೦ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪೆನಿಯವರು ಬಿಲ್ಲೆಯಾಕಾರದ ಅಣುಗಳನ್ನು ಪ್ಲಾಸ್ಟಿಕ್ ಹಾಳೆಗೆ ಬಳಿದು ಇಂತಹ ಪೊರೆಯನ್ನು ತಯಾರಿಸಿ ಮಾರುಕಟ್ಟೆಗೆ ತಂದರು. ಕಚೇರಿಗಳ ಚಪ್ಪಟೆ ತೆರೆಗಳ ಮುಂದೆ ಇಬ್ಬರು ಮೂವರು ಒಟ್ಟಿಗೆ ಕುಳಿತು ನೋಡಲು ಅನುಕೂಲವಾದುದು ಇಂತಹ ಪೊರೆಗಳಿಂದ.

ಎರಡನೆಯ ದಾರಿ ಸಾವಯವ ಎಲೆಕ್ಟ್ರಾನಿಕ್ಸಿನದು. ಬಿಲ್ಲೆಯ ನಡುವಣ ಉಂಗುರದಲ್ಲಿ ಜಾರಬಲ್ಲ ಎಲೆಕ್ಟ್ರಾನುಗಳುಂಟು. ಬಿಲ್ಲೆಗಳು ಒಂದರ ಮೇಲೊಂದು ಒತ್ತಾಗಿ ಕುಳಿತರೆ ವಿದ್ಯುದಂಶವು ಏಣಿಯ ಮೆಟ್ಟಿಲೇರುವಂತೆ ಬಿಲ್ಲೆಯಿಂದ ಬಿಲ್ಲೆಗೆ ನೆಗೆಯುತ್ತ ಕಂಬದುದ್ದಕ್ಕೂ ಸಾಗಬಲ್ಲದು. ಸುತ್ತಲಿನ ಬಾಲಗಳಲ್ಲಿ ಇಂತಹ ಸೌಕರ್ಯವಿಲ್ಲವಾದ್ದರಿಂದ ಅದು ಪಕ್ಕದ ಕಂಬಕ್ಕೆ ಸುಲಭವಾಗಿ ದಾಟಲಾರದು. ಒಳಗೆ ತಂತಿ, ಹೊರಗೆ ಕವಚ! ವಿದ್ಯುತ್ತಿನ ಕೆಲಸಗಾರನು ತಾಮ್ರಕ್ಕೆ ಪ್ಲಾಸ್ಟಿಕ್ ಹೊದಿಸುವುದನ್ನು ಈ ಅಣುಗಳು ತಾವಾಗಿಯೇ, ಎರಡು ನ್ಯಾನೋಮೀಟರಿನ ಅಳತೆಯಲ್ಲಿ ಮಾಡಿಕೊಳ್ಳುತ್ತವೆ. ಅಲ್ಲದೆ ಅವು ದ್ರವದ ಸ್ವಭಾವವುಳ್ಳವು. ಎಲ್ಲಿಯಾದರೂ ಸಾಲು ತಪ್ಪಿದರೆ ಅಣುಗಳು ಅತ್ತಿತ್ತ ಸರಿದು ತಮ್ಮ ಸಾಲನ್ನು ತಾವೇ ತಿದ್ದಿಕೊಳ್ಳುವುದುಂಟು. ಸಿಲಿಕಾನಿನ ಹರಳಿನಲ್ಲಿ ಬಿರುಕು ಬಿಟ್ಟರೆ ಬಿಟ್ಟ ಹಾಗೆಯೇ. ಆದುದರಿಂದ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಕೋಶಗಳಿಗೂ ತೆಳುವಾದ ಟ್ರಾನ್ಸಿಸ್ಟರುಗಳಿಗೂ ಈ ಕಂಬಗಳನ್ನು ಬಳಸಲು ಅನೇಕ ದೇಶಗಳಲ್ಲಿ ಪ್ರಯೋಗಗಳು ನಡೆದಿವೆ. ಇದೇ ಇಂಗಾಲದ ಕುಲಕ್ಕೆ ಸೇರಿದ ಬೇರೆ ಅಣುಗಳಿಂದ ಬೆಳಕು ಹೊಮ್ಮಿಸುವ ತೆರೆಗಳು ಈಗಾಗಲೇ ಬಂದಿವೆ. ೧೯೮೭ರಲ್ಲಿ ಕೊಡಾಕ್ ಕಂಪೆನಿಯ ಚಿಂಗ್ ಟಾಂಗ್, ಸ್ಟೀವನ್ ವ್ಯಾನ್ ಸ್ಲೈಕ್ ಅವರು ತೋರಿಸಿದ ದಾರಿಯಲ್ಲಿ ಬೆಳೆದ ಈ ತೆರೆಗಳು ಇಂದು ಕೈಯೊಳಗಿನ ಮೊಬೈಲುಗಳಲ್ಲಿ ಮಿನುಗುತ್ತಿವೆ.

ಚಂದ್ರಶೇಖರ್ ಅವರು ೧೯೮೩ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು, ೧೯೯೮ರಲ್ಲಿ ಪದ್ಮಭೂಷಣರಾದರು. ಇತರರು ವಿಶ್ರಾಂತಿ ಬಯಸುವ ಅರುವತ್ತರ ವಯಸ್ಸಿನಲ್ಲಿ ಅವರು ಜಾಲಹಳ್ಳಿಯ ಕೇಂದ್ರವನ್ನು ಕಟ್ಟಿದರು. ೨೦೦೪ರಲ್ಲಿ ಅವರು ತೀರಿಕೊಂಡರು, ಕೇಂದ್ರ ನಿಲ್ಲಲಿಲ್ಲ. ಅದೀಗ ನ್ಯಾನೋ ಮತ್ತು ಮೃದು ಪದಾರ್ಥ ವಿಜ್ಞಾನ ಕೇಂದ್ರವಾಗಿ ಬೆಳೆದು, ತುಮಕೂರು ರಸ್ತೆಯ ಕಡೆ ಪೀಣ್ಯದಿಂದಾಚೆ, ಶಿವನಪುರದ ಅರ್ಕಾವತಿ ಆವರಣದಲ್ಲಿ ನೆಲಸಿದೆ.

ಇಂತಹ ಸಂಶೋಧನೆ ಹೇಗೆ ನಡೆಯುತ್ತದೆಂಬುದಕ್ಕೆ ಒಂದೆರಡು ನಿದರ್ಶನಗಳನ್ನು ಕೊಡುತ್ತೇನೆ. ಯಾವ ತೆರೆಯೇ ಆಗಲಿ, ಅದಕ್ಕೆ ಬೆಳಕನ್ನೂ ಬಿಡುವ ವಿದ್ಯುತ್ತನ್ನೂ ಒಯ್ಯುವ ಒಂದು ಲೇಪ ಬೇಕು. ಲೋಹವು ವಿದ್ಯುತ್ತನ್ನು ಒಯ್ಯುತ್ತದೆ, ಬೆಳಕನ್ನು ಬಿಡದು. ಗಾಜು ಬೆಳಕನ್ನು ಬಿಡುತ್ತದೆ, ವಿದ್ಯುತ್ತನ್ನು ಒಯ್ಯದು. ಎರಡೂ ಗುಣಗಳುಳ್ಳ ಲೇಪಕ್ಕೆ ಸಾಮಾನ್ಯವಾಗಿ ಇಂಡಿಯಂ ಎಂಬ ಅಪರೂಪದ ಲೋಹದ ಸಂಯುಕ್ತವನ್ನು ಬಳಸುತ್ತಾರೆ. ಅದು ದುಬಾರಿ, ಬಾಗಿಸಿದರೆ ಬಿರುಕುಬಿಡುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿದ್ದು, ಮುಂದೆ ಜಾಲಹಳ್ಳಿಯ ಕೇಂದ್ರದ ನಿರ್ದೇಶಕರಾದ ಪ್ರೊಫೆಸರ್ ಜಿ.ಯು. ಕುಲಕರ್ಣಿಯವರೂ ಅವರ ಸಂಗಡಿಗರೂ ಬಿರುಕನ್ನೇ ಉಪಾಯವಾಗಿ ಮಾಡಿಕೊಂಡರು. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಒಡೆದು ಬಲೆ ಹೆಣೆದಂತೆ ಕಾಣುವುದನ್ನು ನೀವು ನೋಡಿಯೇ ಇದ್ದೀರಿ. ಅಂತಹ ಗುಣವುಳ್ಳ ಲೇಪವನ್ನು ಗಾಜಿನ ಮೇಲೋ ಪ್ಲಾಸ್ಟಿಕ್ಕಿನ ಮೇಲೋ ಬಳಿದು ಒಣಗಲು ಬಿಡುತ್ತಾರೆ. ಅದು ಬಿರುಕುಬಿಟ್ಟ ಮೇಲೆ ಮೇಲಿಂದ ಲೋಹವನ್ನು ಹಬೆಯಾಗಿ ಕೂರಿಸುತ್ತಾರೆ. ಬಳಿಕ ಲೇಪವನ್ನು ತೊಳೆದುಬಿಡುತ್ತಾರೆ. ಬಿರುಕುಗಳೊಳಗೆ ಇಳಿದಿದ್ದ ಲೋಹ ಮಾತ್ರ ಉಳಿದು ಕಣ್ಣಿಗೆ ಕಾಣದಷ್ಟು ನವಿರಾದ ಬಲೆಯಾಗುತ್ತದೆ. ಬಲೆಯ ಕಣ್ಣುಗಳಲ್ಲಿ ಬೆಳಕು ಹಾಯುತ್ತದೆ, ನೂಲಿನಲ್ಲಿ ವಿದ್ಯುತ್ತು ಹರಿಯುತ್ತದೆ. ಕೆರೆಯ ದುರ್ದೆಸೆಯನ್ನು ಕಂಡು ನಾವು ನಿಟ್ಟುಸಿರು ಬಿಡುತ್ತೇವೆ. ಅದೇ ರೀತಿಯ ಬಿರುಕಿನಲ್ಲಿ ಅವರು ತಂತಿಯ ಜಾಡನ್ನು ಕಂಡರು.

ಅದೇ ಜಕ್ಕೂರಿನ ಕೇಂದ್ರದ ಇನ್ನೊಂದು ಪ್ರಯೋಗ ಮನಸ್ಸನ್ನು ತಟ್ಟತಕ್ಕದ್ದು. ಈ ಕೇಂದ್ರ ೧೯೮೯ರಲ್ಲಿ, ನೆಹರೂರವರ ಜನ್ಮಶತಾಬ್ದಿಯ ವರ್ಷದಲ್ಲಿ ಸ್ಥಾಪಿತವಾದುದು. ಕಟ್ಟಿ ಬೆಳೆಸಿದವರು ಬೆಂಗಳೂರಿನಲ್ಲೇ ಹುಟ್ಟಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪದವೀಧರರಾದ ಭಾರತರತ್ನ ಸಿ.ಎನ್.ಆರ್. ರಾವ್ ಅವರು. ಇಲ್ಲಿ ಪ್ರೊಫೆಸರ್ ಕೆ.ಎಸ್. ನಾರಾಯಣ್ ಅವರ ಬಳಗ ಬೆಳಕು ಬಿದ್ದರೆ ವಿದ್ಯುತ್ತನ್ನು ಹುಟ್ಟಿಸುವ ಪ್ಲಾಸ್ಟಿಕ್ ಪೊರೆಗಳನ್ನು ಅಭ್ಯಾಸಮಾಡುತ್ತಿತ್ತು. ಕಣ್ಣಿನೊಳಗಿನ ಅಕ್ಷಿಪಟಲದ ಕೆಲಸವೂ ಅದೇ ಅಲ್ಲವೆ? ಬೆಳಕನ್ನು ಹಿಡಿದು ವಿದ್ಯುತ್ಸಂಕೇತವನ್ನಾಗಿ ಮಾಡಿ ಮಿದುಳಿಗೆ ಕಳುಹಿಸುವುದು. ಮೊಟ್ಟೆಯೊಳಗಿನ ಕೋಳಿಮರಿಯ, ಇನ್ನೂ ಬೆಳಕನ್ನು ಗ್ರಹಿಸುವ ಶಕ್ತಿ ಬಾರದ ಅಕ್ಷಿಪಟಲವನ್ನು ಅವರು ಇಂತಹ ಪೊರೆಯ ಮೇಲೆ ಇರಿಸಿದರು. ಬೆಳಕು ಚೆಲ್ಲಿದಾಗ ಪೊರೆ ಚೋದನೆ ಕೊಟ್ಟಿತು. ಅಕ್ಷಿಪಟಲದ ನರಕೋಶಗಳು ಸಂಕೇತ ಹೊರಡಿಸಿದುವು. ಇದು ೨೦೧೪ರಲ್ಲಿ ಪ್ರಕಟವಾಯಿತು. ಇದರಿಂದ ಅಂಧರಿಗೆ ನಾಳೆಯೇ ದೃಷ್ಟಿ ಬಂದೀತೆಂದು ಯಾರೂ ತಿಳಿಯಬಾರದು. ಪ್ರಯೋಗಶಾಲೆಯ ಗಾಜಿನ ಬಟ್ಟಲಿನಿಂದ ಮನುಷ್ಯನ ಕಣ್ಣಿಗೆ ದಾರಿ ಬಹು ದೂರ. ಆದರೆ ಮೆದುವಾದ ಇಂಗಾಲದ ಪೊರೆ ಜೀವಕೋಶದೊಡನೆ ಮಾತಾಡಬಲ್ಲದೆಂಬುದು ಸಣ್ಣ ಮಾತಲ್ಲ. ಗಡಸು ಸಿಲಿಕಾನಿಗೆ ಆ ಸಲಿಗೆ ಅಷ್ಟು ಸುಲಭವಲ್ಲ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಇಂಗಾಲದ ಅರೆವಾಹಕಗಳಲ್ಲಿ ವಿದ್ಯುದಂಶಗಳು ಸಿಲಿಕಾನಿನಲ್ಲಿರುವಷ್ಟು ವೇಗವಾಗಿ ಓಡಲಾರವು. ಗಾಳಿಯ ಆಮ್ಲಜನಕವೂ ತೇವವೂ ಅವನ್ನು ಹಪ್ಪಳ ಮೆತ್ತಗಾಗುವ ಹಾಗೆ ಕೆಡಿಸುತ್ತವೆ. ಆದ್ದರಿಂದ ಬಿಗಿಯಾಗಿ ಮುಚ್ಚಿಡಬೇಕು. ಗಣಕಯಂತ್ರದ ಮಿದುಳಿನಲ್ಲಿ ಸಿಲಿಕಾನಿನ ಸ್ಥಾನವನ್ನು ಇವು ಕಿತ್ತುಕೊಳ್ಳಲಾರವು. ತೆಳುವಾಗಿ, ಹಗುರವಾಗಿ, ಬಾಗುವಂತೆ, ವಿಸ್ತಾರವಾಗಿ ಹರಡಬೇಕಾದ ಕಡೆ ಇವುಗಳ ಅಧಿಕಾರ.

ಇನ್ನು ನನ್ನ ಮನಸ್ಸಿನಲ್ಲಿರುವ ಮುಖ್ಯವಾದ ಮಾತು. ಬಿಲ್ಲೆಯ ಅಣುವಿನ ಗುಟ್ಟು ೧೯೭೭ರಲ್ಲಿ ಬಯಲಾದುದು ಬೆಂಗಳೂರಿನಲ್ಲಿ. ಅದರಿಂದ ಪೊರೆ ಮಾಡಿ ಜಗತ್ತಿಗೆ ಮಾರಿದವರು ಜಪಾನೀಯರು. ಹಸು ನಮ್ಮ ಕೊಟ್ಟಿಗೆಯದು, ತುಪ್ಪ ಪರವೂರಿನದು ಎಂದು ನಾವು ಕೊರಗಬಹುದು. ಆದರೆ ವಿದ್ಯೆಯನ್ನು ಅಚ್ಚುಹಾಕಿದ ಮೇಲೆ ಅದು ಎಲ್ಲರ ಸೊತ್ತು. ಜಪಾನೀಯರು ಕದ್ದವರಲ್ಲ, ದುಡಿದವರು. ತಕ್ಕ ಅಣುವನ್ನು ಆರಿಸುವುದು, ಅದನ್ನು ಹಾಳೆಗೆ ಒಂದೇ ಸಮನಾಗಿ ಬಳಿಯುವುದು, ಸಾಲು ಕೆಡದಂತೆ ಗಟ್ಟಿಗೊಳಿಸುವುದು, ಮಾರುಗಟ್ಟಲೆ ಉದ್ದಕ್ಕೆ ಒಂದು ಚುಕ್ಕೆಯೂ ಹಾಳಾಗದಂತೆ ಸುರುಳಿ ಸುತ್ತುವುದು ಇವೆಲ್ಲ ಸಾಮಾನ್ಯ ಸಾಧನೆಗಳಲ್ಲ. ಸೀಸೆಯೊಳಗಿನ ಪದಾರ್ಥಕ್ಕೂ ಅಂಗಡಿಯೊಳಗಿನ ಸರಕಿಗೂ ನಡುವೆ ರಸಾಯನಶಾಸ್ತ್ರಜ್ಞ, ಅಚ್ಚು ಮಾಡುವವ, ಯಂತ್ರ ಕೂರಿಸುವವ, ಪರೀಕ್ಷೆ ಮಾಡುವವ, ಬಂಡವಾಳ ಹೂಡುವವ ಹೀಗೆ ಹತ್ತಾರು ಕೈಗಳ ಸರಪಳಿಯುಂಟು. ಒಂದು ಕೈ ಬಿಟ್ಟರೂ ಸರಪಳಿ ಅಲ್ಲಿಗೇ ನಿಲ್ಲುತ್ತದೆ.

ಆ ಕೈಗಳು ನಮ್ಮಲ್ಲಿ ಇಲ್ಲವೆಂದು ಹೇಳಲಾಗದು. ಕೂದಲೆಳೆಯ ಅಳತೆಗೆ ಲೋಹವನ್ನು ಕೊರೆಯುವ ಕುಶಲಿಗಳು ಪೀಣ್ಯದ ಶೆಡ್ಡುಗಳಲ್ಲಿದ್ದಾರೆ. ಯಂತ್ರಕ್ಕೆ ಬುದ್ಧಿ ಹೇಳಿಕೊಡುವವರು ವೈಟ್‌ಫೀಲ್ಡಿನಲ್ಲೂ ಎಲೆಕ್ಟ್ರಾನಿಕ್ ಸಿಟಿಯಲ್ಲೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೨೦೧೦ರಲ್ಲಿ ನ್ಯಾನೋ ವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರ ಏರ್ಪಟ್ಟಿದೆ. ದೂಳಿನ ಕಣವೂ ಸುಳಿಯದಂತೆ ಕಾಪಾಡಿದ ಅಲ್ಲಿಯ ಕೋಣೆಗಳನ್ನು ಇತರ ಊರುಗಳ ಕಾಲೇಜುಗಳ ಸಂಶೋಧಕರೂ ಬಳಸಿಕೊಳ್ಳುವ ಏರ್ಪಾಡುಂಟು. ಸಾಲದೆ ಬಂದಿರುವುದು ಇವರು ಒಬ್ಬರನ್ನೊಬ್ಬರು ಅರಿತು ಸೇರುವ ಬಳಕೆ. ಲೇತಿನ ಮುಂದೆ ನಿಂತವನಿಗೆ ಆಚೆಯ ಆವರಣದಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯದು. ಒಳಗಿನವರಿಗೆ ಇವನ ಕೈಚಳಕದ ಸುಳಿವಿಲ್ಲ.

ಈ ಅಪರಿಚಯಕ್ಕೆ ಭಾಷೆಯೂ ಒಂದು ಕಾರಣವೆಂದು, ಕನ್ನಡ ಕಲಿಸಿ ಬದುಕುವ ನನಗೆ ತೋರುತ್ತದೆ. ನಮ್ಮ ಪ್ರೌಢಶಾಲೆಗಳ ಮಕ್ಕಳಲ್ಲಿ ಎಷ್ಟೋ ಮಂದಿಯ ತಂದೆತಾಯಿಗಳು ಇಂತಹ ಕಾರ್ಖಾನೆಗಳಲ್ಲಿ ದುಡಿಯುವವರು. ನ್ಯಾನೋ ಎಂದರೆ ಮಕ್ಕಳು ಅದೊಂದು ಸಣ್ಣ ಮೋಟಾರುಗಾಡಿಯ ಹೆಸರೆಂದಾರು. ದ್ರವಸ್ಫಟಿಕವೆಂದರೆ ಪರೀಕ್ಷೆಗೆ ಬರುವುದೇ ಎಂದು ಕೇಳಿಯಾರು. ತಪ್ಪು ಅವರದಲ್ಲ. ಪಕ್ಕದ ಊರಿನಲ್ಲಿ ಹುಟ್ಟಿದ ವಿದ್ಯೆಯನ್ನು ಅವರ ಮಾತಿನಲ್ಲಿ ಅವರಿಗೆ ಹೇಳಿದವರು ಕಡಿಮೆ. ಕಂಬ, ಬಿಲ್ಲೆ, ಬಿರುಕು, ಬಲೆ ಎಂಬ ನಮ್ಮ ಮನೆಮಾತುಗಳಲ್ಲಿ ಈ ಶಾಸ್ತ್ರದ ತಿರುಳನ್ನು ಹೇಳಲು ಬರುತ್ತದೆಂದು ನೀವೇ ಈಗ ಕಂಡಿರಿ.

ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ರಾಮನ್ನರು ತಮ್ಮ ಹೆಸರಿನ ಪರಿಣಾಮವನ್ನು ೧೯೨೮ರಲ್ಲಿ ಪ್ರಕಟಪಡಿಸಿದ ಫೆಬ್ರವರಿ ೨೮ನೆಯ ದಿನವನ್ನು ನಮ್ಮ ದೇಶದಲ್ಲಿ ವಿಜ್ಞಾನ ದಿನವಾಗಿ ಆಚರಿಸುತ್ತಾರೆ. ಆ ಸುಮಾರಿಗೆ ಬೆಂಗಳೂರಿನ ಸಂಶೋಧನ ಸಂಸ್ಥೆಗಳು ಸಾರ್ವಜನಿಕರಿಗೆ ಬಾಗಿಲು ತೆರೆಯುವ ಪದ್ಧತಿಯುಂಟು. ಜಾತ್ರೆಗೆ, ಪರಿಷೆಗೆ ಮಕ್ಕಳನ್ನು ಕರೆದೊಯ್ಯುವ ನಾವು ಅಲ್ಲಿಗೂ ಒಂದು ಸಲ ಕರೆದೊಯ್ಯಬಾರದೇಕೆ? ಅಲ್ಲಿಯ ವಿಜ್ಞಾನಿಗಳನ್ನು ಕನ್ನಡದಲ್ಲಿಯೇ ಪ್ರಶ್ನೆ ಕೇಳಲು ಮಕ್ಕಳಿಗೆ ಧೈರ್ಯ ಹೇಳಿರಿ. ತಿಳಿಯದಿದ್ದರೆ ಮತ್ತೊಮ್ಮೆ ಕೇಳಲಿ. ಬಿಲ್ಲೆಗಳು ಹತ್ತಿರ ಹತ್ತಿರ ಬಂದು ಸಾಲುಗೂಡಿದರಲ್ಲದೆ ಕಂಬದಲ್ಲಿ ವಿದ್ಯುತ್ತು ಹರಿಯದು. ಊರಿನ ವಿದ್ಯೆಗೂ ಊರಿನ ಕೈಕಸುಬಿಗೂ ಇದೇ ನ್ಯಾಯ.